ಕಿವಿ ಮಂದವಾದ ವಾಯೇಜರ್

1978ರ ಏಪ್ರಿಲ್. ಬೇರೆ ಕೆಲಸಗಳ ಗಡಿಬಿಡಿಯಲ್ಲಿದ್ದ ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯವರು, ವಾಯೇಜರ್ 2 ಬಾಹ್ಯಾಕಾಶ ನೌಕೆಗೆ ವಾರಕ್ಕೊಮ್ಮೆಯಾದರೂ ಕಳಿಸಬೇಕಾಗಿದ್ದ ಆದೇಶವನ್ನು ಕಳಿಸಲು ಮರೆತರು. ವಾರವಾದರೂ ಭೂಮಿಯಿಂದ ಮಾತು ಬರದಿದ್ದರೆ ತನ್ನ ಕಿವಿಯೇ ಕೆಟ್ಟಿದೆ ಎಂದುಕೊಂಡು ಇನ್ನೊಂದು ರಿಸೀವರ್‌ಗೆ ಬದಲಾಗುವಂತೆ ನೌಕೆಗೆ ಹೇಳಿಕೊಟ್ಟಿದ್ದರು. ಅದು ಹಾಗೇ ಮಾಡಿತು. ನೋಡಿದರೆ ಆ ಇನ್ನೊಂದರಲ್ಲೇ ದೋಷ! ಮರಳಿ ಮೊದಲಿನದಕ್ಕೆ ಬಂದರೆ, ಸ್ವಲ್ಪ ಹೊತ್ತಿಗೇ ಅದೂ ಕೈಕೊಟ್ಟಿತು, ಮತ್ತೆ ಏಳಲಿಲ್ಲ.

ಅಂದಿನಿಂದ ಇದು ಅರೆಗಿವುಡ ನೌಕೆ. ಉಳಿದ ಆ ಇನ್ನೊಂದು ರಿಸೀವರ್‌ನಲ್ಲಿ ಕೆಟ್ಟದ್ದು ಒಂದು ಕೆಪಾಸಿಟರ್, ಅಷ್ಟೇ. ಬರುವ ಅಲೆಯ ಆವರ್ತನ ಸರಿದರೆ ಆರೋಗ್ಯವಂತ ರಿಸೀವರ್ ತಾನೂ ಹಿಂದೆಯೇ ಸರಿಯುತ್ತದೆ, ಇದಕ್ಕೆ ಆಗದು. ಒಂದು ಲಕ್ಷ ಹರ್ಟ್ಸ್ ಅಗಲದ ಬಾಗಿಲಿದ್ದ ಕಡೆ ಉಳಿದದ್ದು ಸುಮಾರು ನೂರು ಹರ್ಟ್ಸ್‌ನ ಸಂದಿ. ಅದೂ ನಿಂತಲ್ಲಿ ನಿಲ್ಲುವುದಿಲ್ಲ, ರಿಸೀವರ್‌ನ ಬಿಸಿ ಕಾಲು ಡಿಗ್ರಿ ಏರುಪೇರಾದರೂ ಜಾರುತ್ತದೆ. ಇತ್ತ ಭೂಮಿ ತಿರುಗುತ್ತಿರುವುದರಿಂದ ನಮ್ಮ ಅಲೆಯ ಆವರ್ತನವೂ ನೌಕೆಗೆ ಒಂದೇ ಸಮ ಕೇಳದು. ಎರಡರ ಲೆಕ್ಕವನ್ನೂ ಮೊದಲೇ ಹಾಕಿ ಆದೇಶ ಕಳಿಸಬೇಕು. ಕಿವಿ ಕೇಳದ ಅಜ್ಜನಿಗಾದರೆ ದನಿ ಏರಿಸಿ ಹೇಳಬಹುದು. ಇಲ್ಲಿ ದನಿ ಏರಿಸಿದರೆ ಸಾಲದು, ಶ್ರುತಿಯೂ ಕೂಡಬೇಕು.

ಈ ಕಿವಿಯಲ್ಲೇ ಅದು ಗುರು, ಶನಿಗಳನ್ನು ದಾಟಿ 1986ರಲ್ಲಿ ಯುರೇನಸ್, 1989ರಲ್ಲಿ ನೆಪ್ಚೂನ್ ನೋಡಿಬಂತು. ಆ ಎರಡರ ಬಳಿಗೆ ಬೇರಾವ ನೌಕೆಯೂ ಇನ್ನೂ ಹೋಗಿಲ್ಲ. ನೌಕೆಗಳ ಇತಿಹಾಸದಲ್ಲಿ ಇಷ್ಟು ನಾಜೂಕಿನ ರಿಪೇರಿ ಇನ್ನೊಂದಿಲ್ಲವೆಂದೇ ನನ್ನ ಅನಿಸಿಕೆ, ಅದೂ ಸ್ಕ್ರೂಡ್ರೈವರ್ ಮುಟ್ಟದೆ!

ನೌಕೆ ದಕ್ಷಿಣದತ್ತ ಸರಿದಿರುವುದರಿಂದ ಈಗ ಅದಕ್ಕೆ ಆದೇಶ ಮುಟ್ಟಿಸಬಲ್ಲದ್ದು ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿರುವ 70 ಮೀಟರ್ ಡಿಶ್ ಒಂದೇ. 2023ರ ಜುಲೈ 21ರಂದು ಹೋದ ಒಂದು ತಪ್ಪು ಆದೇಶದಿಂದ ನೌಕೆಯ ಆಂಟೆನಾ ಭೂಮಿಯಿಂದ 2 ಡಿಗ್ರಿ ಆಚೆ ಹೊರಳಿ ಮಾತೇ ನಿಂತುಹೋಯಿತು. ಕ್ಯಾನ್‌ಬೆರಾದ ಡಿಶ್‌ನಿಂದ ಪೂರ್ತಿ ಬಲದಲ್ಲಿ ಕೂಗಿ ನೋಡಿದರು. ದೂರ ಸುಮಾರು 1,990 ಕೋಟಿ ಕಿಲೋಮೀಟರ್. ಹೋಗಲು ಹದಿನೆಂಟೂವರೆ ಗಂಟೆ, ಉತ್ತರ ಬರಲು ಮತ್ತಷ್ಟೇ. ಕೂಗು ಮುಟ್ಟಿತೋ ಇಲ್ಲವೋ ಎಂದು ತಿಳಿಯಲು 37 ಗಂಟೆ ಕಾದರು. ಆಗಸ್ಟ್ 4ರಂದು ದತ್ತಾಂಶ ಬರತೊಡಗಿತು.

ಅದೇ ನೌಕೆಯ ಮೈಗೆ ಅಂಟಿಸಿದ ಚಿನ್ನದ ಲೇಪದ ಗ್ರಾಮಫೋನ್ ತಟ್ಟೆಯಲ್ಲಿ 55 ಭಾಷೆಗಳ ಶುಭಾಶಯಗಳಿವೆ, ಕನ್ನಡದ್ದೂ ಒಂದು. ಯಾರಾದರೂ ಸಿಕ್ಕಿದರೆ ಕೇಳಿಸಿಕೊಳ್ಳಲಿ ಎಂದು ತಟ್ಟೆಯ ಜೊತೆಗೆ ಸೂಜಿಯನ್ನೂ ಇಟ್ಟು ಕಳಿಸಿದ್ದಾರೆ.