ಸ್ಯಾಂಪಲ್ ತಂದಿದ್ದೀರಾ?

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹಳೆ ಕಾರಿನ ಬಿಡಿಭಾಗ ಹುಡುಕಿಕೊಂಡು ಯಾವ ಅಂಗಡಿಯ ಮೆಟ್ಟಿಲು ಹತ್ತಿದರೂ ಮೊದಲು ಕೇಳುವುದು ಒಂದೇ ಮಾತು: ‘ಸ್ಯಾಂಪಲ್ ತಂದಿದ್ದೀರಾ ಅಮ್ಮ?’ ಕಾರು ಯಾವುದು, ಯಾವ ವರ್ಷದ್ದು ಎಂಬುದೆಲ್ಲ ಆಮೇಲೆ. ತುಮಕೂರಿನಿಂದ ಬೆಳಗಿನ ರೈಲು ಹಿಡಿದು, ಬೇಕಾದದ್ದನ್ನೆಲ್ಲ ಪಟ್ಟಿ ಮಾಡಿಕೊಂಡು ಹೋಗಿದ್ದ ನಾನು ಮೊದಲ ಸಲ ಬರಿಗೈಯಲ್ಲಿ ವಾಪಸಾದೆ. ಎರಡನೇ ಸಲ ಹೋದಾಗ ಚೀಲದ ತುಂಬ ಎಣ್ಣೆ ಮೆತ್ತಿದ ಹಳೆ ಸಾಮಾನಿತ್ತು. ಸಂಜೆಯೊಳಗೆ ಪಟ್ಟಿಯ ಮುಕ್ಕಾಲು ಪಾಲು ಸಿಕ್ಕಿತು.

ಅಪ್ಪನ ಕಾರು 1976ರ ಪ್ರೀಮಿಯರ್ ಪದ್ಮಿನಿ. ನಮ್ಮ ಬೀದಿಯವರಿಗೆಲ್ಲ ಅದು ‘ಫಿಯಟ್’. ಇಟಲಿಯ ಫಿಯಟ್ 1100 ಡಿ ಕಾರನ್ನು ಮುಂಬೈ ಕುರ್ಲಾದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ 1964ರಿಂದ ತಯಾರಿಸಿತು. ಪದ್ಮಿನಿ ಎಂಬ ಹೆಸರು ಬಂದದ್ದು 1974ರಲ್ಲಿ. 1089 ಸಿ.ಸಿ. ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರಿನ ಹಿಡಿ, ಕಾರ್ಬ್ಯುರೇಟರ್, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕೈಗೆ ಎಟುಕುತ್ತದೆ. ಅಪ್ಪ ಹೋದ ಮೇಲೆ ಹನ್ನೊಂದು ವರ್ಷ ಹಲಸಿನ ಮರದ ಕೆಳಗೆ ನಿಂತಿದ್ದ ಅದನ್ನು ನಾನೇ ಬಿಚ್ಚಿ ಸರಿಮಾಡಬಹುದು ಎಂಬ ಧೈರ್ಯ ಬಂದದ್ದು ಇದರಿಂದಲೇ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳಿಗೆ ನಿವೃತ್ತಿಯ ಮೊದಲ ವರ್ಷ ಹೀಗೆ ಶೆಡ್ಡಿನಲ್ಲಿ ಕಳೆಯಿತು.

ಸಲಕರಣೆಗೆ ತುಂಬ ಖರ್ಚಾಗಲಿಲ್ಲ. ಫಿಯಟ್ಟಿನ ಬೋಲ್ಟುಗಳೆಲ್ಲ ಮಿಲಿಮೀಟರ್ ಅಳತೆಯವು. 10, 13, 17, 19ರ ರಿಂಗ್ ಸ್ಪ್ಯಾನರ್ ಇದ್ದರೆ ಬಹಳಷ್ಟು ಕೆಲಸ ಸಾಗುತ್ತದೆ. ಅಂಬಾಸಡರ್ ಆಗಿದ್ದರೆ ಇಂಚಿನ ಸೆಟ್ಟೇ ಬೇಕು, ಅದರ ಮೂಲ ಇಂಗ್ಲೆಂಡಿನ ಮಾರಿಸ್ ಕಾರು. ಸುಮಾರಾಗಿ ಕೂರುವ ಸ್ಪ್ಯಾನರ್ ಹಾಕಿ ತಿರುಗಿಸಿದಿರೋ, ಬೋಲ್ಟಿನ ಮೂಲೆ ಸವೆದು ದುಂಡಗಾಗುತ್ತದೆ. ಆಮೇಲೆ ಅದನ್ನು ಬಿಚ್ಚಲು ಉಳಿಯೋ ಗ್ಯಾಸ್ ಕಟರ್ರೋ ಬೇಕಾಗುತ್ತದೆ. ತುಕ್ಕು ಹಿಡಿದ ಬೋಲ್ಟಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಬೆಳಿಗ್ಗೆ ತಲೆಯ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತೇನೆ. ಬಿಚ್ಚುವ ಮೊದಲು ಕೂದಲೆಳೆಯಷ್ಟು ಬಿಗಿಮಾಡುತ್ತೇನೆ. ಹಿಡಿದ ತುಕ್ಕು ಆಗಲೇ ‘ಟಿಕ್’ ಎಂದು ಬಿಡುತ್ತದೆ.

ಹಣ ಹಾಕಲೇಬೇಕಾದದ್ದು ಜಾಕ್ ಸ್ಟ್ಯಾಂಡಿಗೆ. ಬರೀ ಜಾಕಿಯ ಮೇಲೆ ನಿಂತ ಕಾರಿನ ಕೆಳಗೆ ಯಾರೂ ನುಸುಳಕೂಡದು, ಒಂದು ನಿಮಿಷಕ್ಕೂ ಸಹ. ಎಂಜಿನ್ ಹೆಡ್ ಕೂರಿಸುವಾಗ ಟಾರ್ಕ್ ರೆಂಚ್ ಬೇಕು. ಹೆಡ್ ಅಲ್ಯೂಮಿನಿಯಂನದು, ಕೆಳಗಿನ ಬ್ಲಾಕ್ ಎರಕದ ಕಬ್ಬಿಣದ್ದು. ನಡುವಿನಿಂದ ಶುರುಮಾಡಿ ಹೊರಗಿನ ಕಡೆಗೆ, ಹಂತ ಹಂತವಾಗಿ ಬಿಗಿಮಾಡದಿದ್ದರೆ ಹೆಡ್ ಡೊಂಕಾಗಿ ಗ್ಯಾಸ್ಕೆಟ್ ಸೋರುತ್ತದೆ. ಇನ್ನು ಫೀಲರ್ ಗೇಜ್. ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳ ನಡುವಿನ ಸಂದು ಅರ್ಧ ಮಿಲಿಮೀಟರಿಗೂ ಕಡಿಮೆ. ಅದು ತಪ್ಪಿದರೆ ಕಿಡಿ ಸರಿಯಾಗಿ ಹಾರದೆ ಗಾಡಿ ಕೆಮ್ಮುತ್ತದೆ.

ವರ್ಷಗಟ್ಟಲೆ ನಿಂತ ಎಂಜಿನ್ನಿಗೆ ನೇರವಾಗಿ ಸೆಲ್ಫ್ ಹೊಡೆಯಬೇಡಿ. ಪಿಸ್ಟನ್ ರಿಂಗ್ ಸಿಲಿಂಡರಿಗೆ ಅಂಟಿರುತ್ತದೆ. ನಾನು ನಾಲ್ಕೂ ಪ್ಲಗ್ ಬಿಚ್ಚಿ ಒಂದೊಂದು ರಂಧ್ರಕ್ಕೂ ಎರಡು ಚಮಚ ಎಂಜಿನ್ ಆಯಿಲ್ ಬಿಟ್ಟು ಮೂರು ದಿನ ಕಾದೆ. ನಾಲ್ಕನೇ ದಿನ ಕೈಯಲ್ಲಿ ತಿರುಗಿಸಿದಾಗ ಎಂಜಿನ್ ಅಲುಗಾಡಿತು. ಅಂದು ಅಪ್ಪನ ಫೋಟೋದ ಮುಂದೆ ಊದುಬತ್ತಿ ಹಚ್ಚಿದೆ.

ಬಿಚ್ಚಿದ ಪ್ರತಿಯೊಂದಕ್ಕೂ ಒಂದು ಡಬ್ಬಿ, ಡಬ್ಬಿಯ ಮೇಲೊಂದು ಚೀಟಿ, ಮೊಬೈಲಿನಲ್ಲೊಂದು ಫೋಟೋ. ಹೆಡ್ಡಿನ ಬೋಲ್ಟುಗಳಿಗೆ ರಟ್ಟಿನ ಮೇಲೆ ಹೆಡ್ಡಿನ ಚಿತ್ರ ಬರೆದು, ತೂತು ಮಾಡಿ, ಆಯಾ ಜಾಗದಲ್ಲೇ ಚುಚ್ಚಿಟ್ಟೆ. ಕೆಟ್ಟು ಹೋಗಿದ್ದನ್ನೂ ಎಸೆಯಲಿಲ್ಲ. ಅದೇ ಸ್ಯಾಂಪಲ್. ಬ್ರೇಕಿನ ವೀಲ್ ಸಿಲಿಂಡರನ್ನೇ ನೋಡಿ: ಅಳತೆ ಒಂದು ಚೂರು ಹೆಚ್ಚುಕಡಿಮೆಯಾದರೂ ರಬ್ಬರ್ ಕಪ್ಪು ಕೂರುವುದಿಲ್ಲ, ಕೂತರೂ ಎಣ್ಣೆ ಒಸರುತ್ತದೆ. ಹಳೆಯದನ್ನು ಮೇಜಿನ ಮೇಲಿಟ್ಟರೆ ಅಂಗಡಿಯವರು ವರ್ನಿಯರ್ ಹಿಡಿದು ಅಳೆದು ಅಷ್ಟನ್ನೇ ಕೊಡುತ್ತಾರೆ. ಎಲ್ಲೂ ಸಿಗದ ಬುಷ್‌ಗಳನ್ನು ನಮ್ಮೂರಿನ ಲೇತ್ ಸಾಹೇಬರು ಹಳೆಯದನ್ನು ನೋಡಿಯೇ ಕಡೆದುಕೊಟ್ಟರು.

ಹಳೆ ಬ್ರೇಕ್ ಶೂಗಳ ಲೈನಿಂಗಿನಲ್ಲಿ ಕಲ್ನಾರು ಇರಬಹುದು. ಡ್ರಮ್ ಬಿಚ್ಚಿದಾಗ ಆ ಧೂಳನ್ನು ಬಾಯಿಂದ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಬ್ರೇಕಿನ ರಬ್ಬರನ್ನು ಪೆಟ್ರೋಲಿನಲ್ಲೋ ಸೀಮೆಎಣ್ಣೆಯಲ್ಲೋ ತೊಳೆದರೆ ಊದಿಕೊಳ್ಳುತ್ತದೆ. ಬ್ರೇಕ್ ಆಯಿಲಿನಲ್ಲೇ ತೊಳೆಯಬೇಕು.

ಪಾಯಿಂಟು, ಗ್ಯಾಸ್ಕೆಟ್, ಬ್ರೇಕ್ ಕಿಟ್ಟುಗಳು ಇಷ್ಟು ಕಾಲ ಸಿಗುತ್ತಾ ಬಂದದ್ದು ಮುಂಬೈನ ಕಪ್ಪು–ಹಳದಿ ಟ್ಯಾಕ್ಸಿಗಳ ಪುಣ್ಯ. ಸಾವಿರಾರು ಪದ್ಮಿನಿಗಳು ಹಗಲು ರಾತ್ರಿ ಓಡುತ್ತಿದ್ದ ಊರಿಗೆ ಭಾಗ ತಯಾರಿಸುವವರು ಇದ್ದೇ ಇದ್ದರು. ಕೊನೆಯ ಪದ್ಮಿನಿ ಟ್ಯಾಕ್ಸಿಗೆ 2023ರ ಅಕ್ಟೋಬರಿನಲ್ಲಿ ಇಪ್ಪತ್ತು ವರ್ಷದ ವಯೋಮಿತಿ ಮುಗಿಯಿತು. ಇನ್ನು ಮುಂದೆ ಈ ಸಾಮಾನು ಅಪರೂಪವಾಗುತ್ತದೆ ಎಂಬ ಚಿಂತೆ ನನಗೆ ನಿಜವಾಗಿಯೂ ಇದೆ. ಹಿಂದಿನ ದೀಪದ ಕವರ್, ಕ್ರೋಮಿನ ಪಟ್ಟಿ ಈಗಾಗಲೇ ಗುಜರಿಯಲ್ಲಿ ಸಿಕ್ಕರೆ ಸಿಕ್ಕಿತು.

ಪೆಟ್ರೋಲಿನ ಪೈಪುಗಳನ್ನು ಮಾತ್ರ ಸ್ಯಾಂಪಲ್ ನೋಡಿ ತರಬೇಡಿ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥೆನಾಲ್ ಇರುತ್ತದೆ. ಅದು ಹಳೆ ಬಗೆಯ ರಬ್ಬರನ್ನೂ ಪಂಪಿನ ಡಯಾಫ್ರಮನ್ನೂ ಮೆತ್ತಗೆ ಮಾಡುತ್ತದೆ, ಗಾಳಿಯ ತೇವವನ್ನು ಎಳೆದುಕೊಂಡು ಟ್ಯಾಂಕಿಗೆ ತುಕ್ಕು ತರಿಸುತ್ತದೆ. ಅಳತೆ ಹಳೆಯದಿರಲಿ, ರಬ್ಬರ್ ಎಥೆನಾಲ್ ತಡೆಯುವ ಹೊಸ ಬಗೆಯದಿರಲಿ.

ಒಂದನ್ನು ಮಾತ್ರ ನಾನು ಎಸೆದೆ: ಬಾಗಿಲಿನ ರಬ್ಬರ್ ಬೀಡಿಂಗ್. ಒಣಗಿ ಬಿಸ್ಕತ್ತಿನಂತೆ ಮುರಿಯುತ್ತಿತ್ತು, ಕಸದ ಗಾಡಿಗೆ ಹಾಕಿಬಿಟ್ಟೆ. ಮೀಟರ್ ಲೆಕ್ಕದಲ್ಲಿ ತಂದ ಹೊಸ ಬೀಡಿಂಗ್ ದಪ್ಪವಾಗಿ ಬಾಗಿಲು ಹಾಕಲಾಗಲಿಲ್ಲ. ಎರಡನೆಯದು ತೆಳುವಾಗಿ ಮಳೆನೀರು ಒಳಬಂತು. ಈ ಕಾರಿಗೆ ಪ್ರತ್ಯೇಕ ಚಾಸಿಸ್ ಇಲ್ಲ, ತಗಡಿನ ಮೈಯೇ ಭಾರ ಹೊರುತ್ತದೆ. ನೆಲದ ತಗಡು, ಬಾಗಿಲ ಕೆಳಗಿನ ಪೆಟ್ಟಿಗೆ ತುಕ್ಕು ಹಿಡಿದರೆ ಕಾರಿನ ಬೆನ್ನೆಲುಬೇ ಹೋದಂತೆ. ಟಿಂಕರಿಂಗಿನವರು ಎರಡು ತಿಂಗಳ ಹಿಂದಷ್ಟೇ ಹೊಸ ತಗಡು ಬೆಸೆದಿದ್ದ ನೆಲದ ಮೇಲೆ ನೀರು ನಿಂತದ್ದು ಕಂಡು ಅಂದು ರಾತ್ರಿ ನಿದ್ದೆ ಬರಲಿಲ್ಲ.

ಕಳೆದ ತಿಂಗಳು ಹಿಂದಿನ ಎಡಬಾಗಿಲಿನ ಹಿಂಜಿಗೆ ಗ್ರೀಸ್ ಹಚ್ಚುವಾಗ, ಅದರ ಹಿಂದೆ ಹಳೆ ಅಂಟಿಗೆ ಕಚ್ಚಿಕೊಂಡ ಬೆರಳುದ್ದದ ಬೀಡಿಂಗ್ ತುಂಡೊಂದು ಸಿಕ್ಕಿತು. ಬ್ಲೇಡಿನಿಂದ ಬಿಡಿಸಿ ಬೆಂಕಿಪೊಟ್ಟಣದಲ್ಲಿಟ್ಟು ಬೆಳಗಿನ ರೈಲು ಹತ್ತಿದೆ. ಅಂಗಡಿಯ ಹಿರಿಯರು ಅದನ್ನು ಅಡ್ಡಕ್ಕೆ ಕೊಯ್ದು, ಕೊಯ್ದ ಮುಖವನ್ನು ಬೆಳಕಿಗೆ ಹಿಡಿದು ನೋಡಿದರು. ಏನೂ ಹೇಳದೆ ಒಳಗೆ ಹೋಗಿ, ಏಣಿ ಹತ್ತಿ, ಅಟ್ಟದಿಂದ ಒಂದು ಸುರುಳಿ ಇಳಿಸಿದರು.

‘ಎಷ್ಟು ಮೀಟರ್ ಬೇಕಮ್ಮ?’