ಏಕರೂಪದ ಹಾಯಿದೋಣಿ: ‘ಲೇಸರ್’ ನೌಕೆಯ ರಚನೆಯೂ ಚರಿತ್ರೆಯೂ

ಓಲೆಯ ಗ್ರಂಥಗಳನ್ನು ಪರಿಶೋಧಿಸುವವರಿಗೆ ಪಾಠಾಂತರಗಳ ತೊಡಕು ಚಿರಪರಿಚಿತವಾದುದು. ಒಂದೇ ಮಾತೃಕೆಯನ್ನು ನೋಡಿ ಇಬ್ಬರು ಲಿಪಿಕಾರರು ಬರೆದ ಪ್ರತಿಗಳು ಸರ್ವಾಂಶಗಳಲ್ಲಿಯೂ ಒಂದೇ ಆಗಿರುವುದು ದುರ್ಲಭ. ಮರದ ದೋಣಿಗಳ ಸಂಗತಿಯೂ ಇಂತಹುದೇ. ಒಂದೇ ನಕ್ಷೆಯನ್ನು ಮುಂದಿಟ್ಟುಕೊಂಡು ಇಬ್ಬರು ಬಡಗಿಗಳು ಎರಡು ದೋಣಿಗಳನ್ನು ಕಟ್ಟಿದರೆ, ಹಲಗೆಯ ಬಾಗಿನಲ್ಲಿಯೋ ತೂಕದಲ್ಲಿಯೋ ಅಂತರವು ತಲೆದೋರುವುದು. ಸರಕು ಸಾಗಿಸುವ ದೋಣಿಗೆ ಇದರಿಂದ ಬಾಧೆಯಿಲ್ಲ. ಆದರೆ ಹಾಯಿದೋಣಿಗಳ ಪಂದ್ಯದಲ್ಲಿ, ಗೆಲವು ನಾವಿಕನದೋ ದೋಣಿಯದೋ ಎಂಬ ಸಂಶಯಕ್ಕೆ ಇದೇ ಮೂಲವಾಗುವುದು. ಈ ಸಂಶಯವನ್ನು ಪರಿಹರಿಸುವ ಪ್ರಯತ್ನಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ೧೯೭೦ರಲ್ಲಿ ಕೆನಡಾ ದೇಶದಲ್ಲಿ ರೂಪುಗೊಂಡ ‘ಲೇಸರ್’ ಎಂಬ ಏಕವ್ಯಕ್ತಿನೌಕೆ.

ಇಂತಹ ದೋಣಿಯು ಸಾಧ್ಯವಾದುದು ಗಾಜಿನ ನಾರಿನಿಂದ. ಕರಗಿಸಿದ ಗಾಜನ್ನು ಅತಿ ಸೂಕ್ಷ್ಮವಾದ ಎಳೆಗಳಾಗಿ ಎಳೆಯುವ ಕ್ರಮವು ೧೯೩೦ರ ದಶಕದಲ್ಲಿ ಅಮೆರಿಕದಲ್ಲಿ ಕೈಗೂಡಿತು. ಆ ನಾರನ್ನು ಪಾಲಿಯೆಸ್ಟರ್ ಎಂಬ ಕೃತಕ ರಾಳದಲ್ಲಿ ನೆನೆಯಿಸಿ ಗಟ್ಟಿಯಾಗಲು ಬಿಟ್ಟರೆ, ಹಗುರವೂ ದೃಢವೂ ಆದ, ನೀರಿನಲ್ಲಿ ಕೊಳೆಯದ ಪದಾರ್ಥವು ದೊರೆಯುವುದು. ಒಹೈಯೋ ಪ್ರಾಂತದ ಟೋಲೀಡೋ ನಗರದ ರೇ ಗ್ರೀನ್ ಎಂಬವರು ೧೯೪೨ರಲ್ಲಿಯೇ ಇದರಿಂದ ಒಂದು ಚಿಕ್ಕ ಹಾಯಿದೋಣಿಯನ್ನು ನಿರ್ಮಿಸಿದರೆಂದು ಪ್ರಸಿದ್ಧಿಯಿದೆ. ಈ ವಿಧಾನದಲ್ಲಿ ದೋಣಿಯನ್ನು ಕಟ್ಟುವುದಿಲ್ಲ, ಅಚ್ಚಿನಿಂದ ತೆಗೆಯುವುದು. ಮೊದಲು ಅಚ್ಚಿನ ಒಳಮೈಗೆ ಬಣ್ಣದ ರಾಳವನ್ನು ಲೇಪಿಸಿ, ಅದರ ಮೇಲೆ ರಾಳದಲ್ಲಿ ತೊಯ್ದ ನಾರಿನ ಪದರಗಳನ್ನು ಹಾಸುವರು. ಅದು ಗಟ್ಟಿಯಾದ ಬಳಿಕ ಒಡಲನ್ನು ಅಚ್ಚಿನಿಂದ ಎಬ್ಬಿಸುವರು. ಲಿಪಿಕಾರನ ಕೈಬರಹದ ಸ್ಥಾನದಲ್ಲಿ ಮುದ್ರಣಾಲಯದ ಮೊಳೆಯು ಬಂದಂತೆ, ಬಡಗಿಯ ಬಾಚಿಯ ಸ್ಥಾನದಲ್ಲಿ ಅಚ್ಚು ಬಂದಿತು.

ಲೇಸರ್ ನೌಕೆಯ ವಿನ್ಯಾಸಕಾರರಾದ ಬ್ರೂಸ್ ಕರ್ಬಿ (೧೯೨೯-೨೦೨೧) ಅವರು ಆಟವಾ ನಗರದಲ್ಲಿ ಹುಟ್ಟಿದವರು, ವೃತ್ತಿಯಿಂದ ಪತ್ರಿಕಾಸಂಪಾದಕರು, ಮೂರು ಒಲಿಂಪಿಕ್ ಕ್ರೀಡೆಗಳಲ್ಲಿ ಹಾಯಿ ನಡೆಸಿದವರು. ‘ಇಂಟರ್‌ನ್ಯಾಷನಲ್ ೧೪’ ಎಂಬ ವರ್ಗಕ್ಕೂ ಅವರು ದೋಣಿಗಳನ್ನು ರಚಿಸಿದ್ದರು. ಆ ವರ್ಗದಲ್ಲಿ ಕೆಲವು ಮಿತಿಗಳೊಳಗೆ ಆಕಾರವನ್ನು ಯಥೇಚ್ಛವಾಗಿ ಮಾರ್ಪಡಿಸಬಹುದಾಗಿದ್ದುದರಿಂದ, ಹೊಸ ದೋಣಿಯನ್ನು ಕೊಳ್ಳಬಲ್ಲವನಿಗೆ ಅನುಕೂಲ ಹೆಚ್ಚಾಗಿತ್ತು. ೧೯೬೯ರಲ್ಲಿ ಮಾಂಟ್ರಿಯಲ್ ಪ್ರಾಂತದ ವಿನ್ಯಾಸಕಾರರಾದ ಇಯಾನ್ ಬ್ರೂಸ್ ಅವರು, ಕಾರಿನ ಮೇಲೆ ಹೊತ್ತೊಯ್ಯಬಹುದಾದ ಒಂದು ದೋಣಿ ಬೇಕೆಂದು ಕರ್ಬಿಯವರಿಗೆ ದೂರವಾಣಿಯಲ್ಲಿ ತಿಳಿಸಿದರು. ಆ ಮಾತುಕತೆ ನಡೆಯುತ್ತಿರುವಾಗಲೇ ಕರ್ಬಿಯವರು ಗೀಚಿದ ರೇಖೆಗಳೇ ಈ ನೌಕೆಯ ಬೀಜ. ದೋಣಿಯನ್ನು ಬಯಸಿದ್ದ ವ್ಯಾಪಾರಸಂಸ್ಥೆಯು ಆ ಯೋಜನೆಯನ್ನು ಕೈಬಿಟ್ಟುದರಿಂದ ನಕ್ಷೆಯು ಕೆಲವು ಕಾಲ ಹಾಗೆಯೇ ಉಳಿಯಿತು.

೧೯೭೦ರ ಅಕ್ಟೋಬರಿನಲ್ಲಿ ವಿಸ್ಕಾನ್ಸಿನ್ ಪ್ರಾಂತದ ಲೇಕ್ ಜಿನೀವಾ ಎಂಬಲ್ಲಿ, ಸಾವಿರ ಡಾಲರಿಗಿಂತ ಕಡಮೆ ಬೆಲೆಯ ದೋಣಿಗಳಿಗಾಗಿ ‘ಅಮೆರಿಕಾಸ್ ಟೀಕಪ್’ ಎಂಬ ಪಂದ್ಯವು ನಡೆಯಿತು. ಡೆನ್ಮಾರ್ಕ್ ಮೂಲದ ಹಾಯಿ ತಯಾರಕರಾದ ಹಾನ್ಸ್ ಫಾಗ್ ಅವರು ಹೊಸ ದೋಣಿಗೆ ಹಾಯಿಯನ್ನು ಹೊಲಿದು, ತಾವೇ ನಡೆಸಿದರು. ಮೊದಲನೆಯ ದಿನ ತನ್ನ ವರ್ಗದಲ್ಲಿ ದ್ವಿತೀಯಸ್ಥಾನವನ್ನು ಪಡೆದ ದೋಣಿಯು, ರಾತ್ರಿ ಹಾಯಿಯನ್ನು ಮತ್ತೆ ಕತ್ತರಿಸಿ ತಿದ್ದಿದ ಮೇಲೆ ಮರುದಿನ ಜಯ ಗಳಿಸಿತು. ಆಗ ಅದರ ಹೆಸರು ‘ವೀಕೆಂಡರ್’. ‘ಲೇಸರ್’ ಎಂಬ ನಾಮವು ಅನಂತರ ಬಂದುದು. ೧೯೭೧ರ ಜನವರಿಯಲ್ಲಿ ನ್ಯೂಯಾರ್ಕಿನ ನೌಕಾಪ್ರದರ್ಶನದಲ್ಲಿ ೧೪೪ ದೋಣಿಗಳಿಗೆ ಬೇಡಿಕೆ ದೊರೆಯಿತು. ೧೯೭೪ರಲ್ಲಿ ಬರ್ಮ್ಯುಡಾ ದ್ವೀಪದಲ್ಲಿ ಪ್ರಥಮ ವಿಶ್ವಸ್ಪರ್ಧೆಯು ಜರುಗಿತು. ಈವರೆಗೆ ಈ ದೋಣಿಗಳು ಎರಡು ಲಕ್ಷಕ್ಕೂ ಮಿಕ್ಕಿ ನಿರ್ಮಾಣವಾಗಿವೆ.

ಇನ್ನು ಅಂಗವಿಚಾರ. ನೌಕೆಯ ಉದ್ದ ೪.೨೩ ಮೀಟರ್, ಒಡಲಿನ ತೂಕ ಸುಮಾರು ೫೯ ಕಿಲೋಗ್ರಾಂ. ಒಡಲನ್ನೂ ಮೇಲುಹಾಸನ್ನೂ ಬೇರೆ ಬೇರೆ ಅಚ್ಚುಗಳಲ್ಲಿ ತೆಗೆದು ಅಂಚಿನಲ್ಲಿ ಬೆಸೆಯುವರು. ಮೇಲುಹಾಸಿನ ಪದರಗಳ ನಡುವೆ ಹಗುರವಾದ ನೊರೆಯಂತಹ ಪದಾರ್ಥವಿದ್ದು, ತೂಕವನ್ನು ಬೆಳೆಯಿಸದೆ ಬಿಗುವನ್ನು ಕೊಡುವುದು. ಹಾಯಿ ಒಂದೇ, ವಿಸ್ತಾರ ೭.೦೬ ಚದರ ಮೀಟರ್. ಹಾಯಿಯ ಮುಂದಣ ಅಂಚನ್ನು ಚೀಲದಂತೆ ಹೊಲಿದಿರುವುದರಿಂದ, ಅಂಗಿಯ ತೋಳನ್ನು ಕೈಗೆ ಏರಿಸುವಂತೆ ಅದನ್ನು ಕೂವೆಮರಕ್ಕೆ ಏರಿಸುವರು. ಕೂವೆಮರವು ಎರಡು ತುಂಡುಗಳದು. ಅದನ್ನು ಬಿಗಿದು ನಿಲ್ಲಿಸುವ ಹಗ್ಗಗಳಾವುವೂ ಇಲ್ಲ. ಇದು ಕೊರತೆಯಲ್ಲ, ಗುಣವೇ ಸರಿ. ಗಾಳಿಯು ಹಠಾತ್ತಾಗಿ ಬಲವಾದಾಗ ಕೂವೆಯ ತುದಿಯು ಬಾಗುವುದು. ಆಗ ಹಾಯಿಯ ಉಬ್ಬು ಕುಗ್ಗಿ, ಮೇಲ್ಭಾಗದಿಂದ ಹೆಚ್ಚುವರಿ ಗಾಳಿಯು ಜಾರಿಹೋಗುವುದು. ದೋಣಿಯು ಪಕ್ಕಕ್ಕೆ ಸರಿಯದಂತೆ ನಡುಗಂಡಿಯಲ್ಲಿ ಇಳಿಬಿಡುವ ಹಲಗೆಯೂ, ಹಿಂದುಗಡೆ ಚುಕ್ಕಾಣಿಯೂ ಉಂಟು. ನಾವಿಕನ ಮೈಭಾರವೇ ಎದುರುತೂಕ. ಅವನು ಕಾಲುಪಟ್ಟಿಗೆ ಪಾದಗಳನ್ನು ಸಿಕ್ಕಿಸಿ, ಅಂಚಿನಿಂದ ಹೊರಕ್ಕೆ ಬೆನ್ನನ್ನು ಚಾಚಿ, ದೋಣಿಯನ್ನು ಸಮತೆಯಲ್ಲಿ ಹಿಡಿಯಬೇಕು.

ಇಲ್ಲಿಯೇ ಏಕರೂಪತೆಯ ಮೊದಲನೆಯ ಮಿತಿಯು ಗೋಚರಿಸುವುದು. ಅಚ್ಚು ದೋಣಿಗಳನ್ನು ಸಮವಾಗಿಸಬಲ್ಲುದಲ್ಲದೆ ಮನುಷ್ಯರ ದೇಹಗಳನ್ನು ಸಮವಾಗಿಸಲಾರದು. ಪೂರ್ಣಹಾಯಿಯನ್ನು ಬಲವಾದ ಗಾಳಿಯಲ್ಲಿ ಹಿಡಿಯಲು ಸುಮಾರು ೮೦ ಕಿಲೋಗ್ರಾಂ ತೂಕದವನೇ ತಕ್ಕವನು. ಆದುದರಿಂದ ಅದೇ ಒಡಲಿಗೆ, ಕೂವೆಯ ಕೆಳತುಂಡನ್ನು ಮಾತ್ರ ಬದಲಿಸಿ, ೫.೭೬ ಚದರ ಮೀಟರಿನ ‘ರೇಡಿಯಲ್’ ಹಾಯಿಯನ್ನೂ ೪.೭ ಚದರ ಮೀಟರಿನ ಕಿರಿಯ ಹಾಯಿಯನ್ನೂ ಕಲ್ಪಿಸಿದರು. ಪೂರ್ಣಹಾಯಿಯ ನೌಕೆಯು ೧೯೯೬ರಲ್ಲಿ ಒಲಿಂಪಿಕ್ ಕ್ರೀಡೆಗೆ ಸೇರಿತು. ಅಂದು ಬ್ರೆಜಿಲಿನ ರಾಬರ್ಟ್ ಶೈಟ್ ಸುವರ್ಣವನ್ನೂ ಇಂಗ್ಲೆಂಡಿನ ಬೆನ್ ಐನ್ಸ್ಲಿ ರಜತವನ್ನೂ ಪಡೆದರು. ಸಿಡ್ನಿಯಲ್ಲಿ, ೨೦೦೦ದಲ್ಲಿ, ಇಬ್ಬರ ಸ್ಥಾನಗಳೂ ತಿರುಗಿದುವು. ರೇಡಿಯಲ್ ೨೦೦೮ರಿಂದ ಸ್ತ್ರೀಯರ ವರ್ಗವಾಯಿತು. ಟೋಕಿಯೋ ಕ್ರೀಡೆಗಳು ೨೦೨೧ರಲ್ಲಿ ನಡೆದಾಗ ಭಾರತದ ನೇತ್ರಾ ಕುಮಾನನ್ ರೇಡಿಯಲ್‌ನಲ್ಲಿಯೂ ವಿಷ್ಣು ಸರವಣನ್ ಪೂರ್ಣಹಾಯಿಯಲ್ಲಿಯೂ ಸ್ಪರ್ಧಿಸಿದರು.

ಅಚ್ಚು ಇದ್ದಮಾತ್ರಕ್ಕೆ ಏಕರೂಪತೆಯು ಸಿದ್ಧಿಸುವುದೆಂದು ಭಾವಿಸಬಾರದು. ಅಚ್ಚು ಸವೆಯುವುದು; ರಾಳದ ಪ್ರಮಾಣ ವ್ಯತ್ಯಾಸವಾಗುವುದು; ತಯಾರಕರು ಅನೇಕರು, ದೇಶಗಳೂ ಅನೇಕ. ಆದಕಾರಣ ಎಲ್ಲ ತಯಾರಕರೂ ಒಂದೇ ನಿರ್ಮಾಣಸಂಹಿತೆಯನ್ನು ಅನುಸರಿಸಬೇಕೆಂಬ ಕಟ್ಟಳೆಯುಂಟು. ದೋಣಿಯ ಒಡೆಯನಿಗೆ ವರ್ಗಸಂಘವು ವಿಧಿಸಿದ ನಿಯಮವು ಮತ್ತೂ ಕಠಿನವಾದುದು. ಸಾಮಾನ್ಯವಾಗಿ ನಿಷೇಧಿಸದಿರುವುದೆಲ್ಲ ಅನುಮತವೆಂದು ಗಣಿಸುವುದು ಲೋಕರೂಢಿ. ಇಲ್ಲಿಯಾದರೋ ಸ್ಪಷ್ಟವಾಗಿ ಅನುಮತಿಸದಿರುವುದೆಲ್ಲ ನಿಷಿದ್ಧ. ಒಡಲನ್ನು ಉಜ್ಜಿ ಆಕಾರ ತಿದ್ದುವುದಕ್ಕಾಗಲಿ, ಇಷ್ಟಬಂದವರಿಂದ ಹಾಯಿಯನ್ನು ಹೊಲಿಸಿಕೊಳ್ಳುವುದಕ್ಕಾಗಲಿ ಪಂದ್ಯದಲ್ಲಿ ಎಡೆಯಿಲ್ಲ.

ಈ ಕಟ್ಟಳೆಯ ಬಲವು ಕೊನೆಗೆ ಪರೀಕ್ಷೆಗೆ ಒಳಗಾಯಿತು. ವಿನ್ಯಾಸದ ಹಕ್ಕು ಒಬ್ಬರದು, ಹೆಸರಿನ ಹಕ್ಕು ಪ್ರದೇಶಾನುಸಾರವಾಗಿ ಬೇರೆಯವರದು, ನಿಯಮದ ಅಧಿಕಾರ ವರ್ಗಸಂಘದ್ದು. ೨೦೧೩ರಲ್ಲಿ ಕರ್ಬಿಯವರು ನ್ಯಾಯಾಲಯವನ್ನು ಆಶ್ರಯಿಸಿದರು. ೨೦೧೯ರಲ್ಲಿ ಒಂದು ಕಾರ್ಖಾನೆಯ ಪರಿಶೀಲನೆಯ ಸಂಬಂಧವಾಗಿ ವರ್ಗಸಂಘಕ್ಕೂ ತಯಾರಕರಿಗೂ ಒಡಕುಂಟಾಗಿ, ಆ ತಯಾರಕರ ಅನುಮತಿಯು ರದ್ದಾಯಿತು. ಅನೇಕ ದೇಶಗಳಲ್ಲಿ ‘ಲೇಸರ್’ ಎಂಬ ನಾಮವು ಅವರ ಸ್ವತ್ತಾಗಿದ್ದುದರಿಂದ, ಸಂಘವು ದೋಣಿಗೆ ‘ಇಲ್ಕಾ’ ಎಂಬ ಹೊಸ ಹೆಸರನ್ನಿಟ್ಟಿತು. ಮೂರು ಹಾಯಿಗಳ ಭೇದಗಳು ಕ್ರಮವಾಗಿ ಇಲ್ಕಾ ೭, ೬, ೪ ಎನಿಸಿಕೊಂಡುವು. ೨೦೨೪ರ ಪ್ಯಾರಿಸ್ ಕ್ರೀಡೆಗಳಲ್ಲಿ ಮೊದಲೆರಡು ಈ ಹೆಸರಿನಿಂದಲೇ ನಡೆದುವು. ನಾಮವು ಬದಲಾಯಿತು; ರೂಪವು ಉಳಿಯಿತು.

ಇದರಿಂದ ತಿಳಿಯಬೇಕಾದುದಿಷ್ಟು. ಪ್ರತಿಗಳನ್ನು ಒಂದಾಗಿಸುವ ಸಾಮರ್ಥ್ಯವನ್ನು ಗಾಜಿನ ನಾರೂ ಅಚ್ಚೂ ಒದಗಿಸಿದುವು. ಅವು ಒಂದಾಗಿಯೇ ಉಳಿಯುವಂತೆ ನೋಡಿಕೊಂಡುದು ನಿಯಮ, ಪರಿಶೀಲನೆ, ಪರಸ್ಪರ ವಿಶ್ವಾಸ ಎಂಬ ಮೂರು. ಮುದ್ರಿತ ಗ್ರಂಥಕ್ಕೂ ಕರಡು ತಿದ್ದುವವನು ಬೇಕಲ್ಲವೇ? ಆ ಎಚ್ಚರವು ತಪ್ಪಿದಲ್ಲಿ ಅಚ್ಚಿನಲ್ಲಿಯೂ ಪಾಠಾಂತರಗಳು ಹುಟ್ಟುವುವು. ಗೆದ್ದವನು ನಾವಿಕನೋ ದೋಣಿಯೋ ಎಂಬ ಹಳೆಯ ಸಂಶಯವೂ ಮರಳಿ ಬರುವುದು.