ತೆಂಗಿನ ಅಣಬೆ ರೋಗ: ಬೇರಿನ ಮೂಲಕ ಕೊಟ್ಟ ಔಷಧಿ ಒಳಗೆ ಏನು ಮಾಡುತ್ತದೆ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ರೈತನಿಗೆ ಅಟ್ಟದ ಮೇಲಿನ ಉಂಡೆ ಕೊಬ್ಬರಿಯೇ ಉಳಿತಾಯ. ದಶಕಗಟ್ಟಲೆ ಫಲ ಕೊಡಬೇಕಾದ ಮರ ಅಣಬೆ ರೋಗಕ್ಕೆ ತುತ್ತಾದರೆ ನಷ್ಟ ಒಂದು ವರ್ಷಕ್ಕೆ ಮುಗಿಯುವುದಿಲ್ಲ. ಈ ರೋಗಕ್ಕೆ ಹೆಕ್ಸಕೊನಜೋಲ್ ಔಷಧಿಯನ್ನು ಬೇರಿನ ಮೂಲಕ ಕೊಡುವ ಕ್ರಮವಿದೆ. ಅದು ಕೆಲಸ ಮಾಡುವ ರೀತಿ ತಿಳಿದಿದ್ದರೆ ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು ಎಂಬುದು ತಾನಾಗಿಯೇ ತಿಳಿಯುತ್ತದೆ.

ರೋಗದ ಲಕ್ಷಣಗಳು

ಗ್ಯಾನೋಡರ್ಮಾ ಎಂಬ ಶಿಲೀಂಧ್ರ ಈ ರೋಗಕ್ಕೆ ಕಾರಣ. ಬೇರು ಕೊಳೆಯುತ್ತದೆ, ಹೊರಸುತ್ತಿನ ಗರಿಗಳು ಹಳದಿಯಾಗಿ ಜೋತು ಬೀಳುತ್ತವೆ, ಹರಳು ಉದುರುತ್ತದೆ. ಕಾಂಡದ ಬುಡದಿಂದ ಕಂದುಬಣ್ಣದ ರಸ ಸೋರುತ್ತದೆ. ಬುಡದಲ್ಲಿ ಅಣಬೆ ಕಾಣುವ ಹೊತ್ತಿಗೆ ರೋಗ ಬಹಳ ಮುಂದುವರಿದಿರುತ್ತದೆ.

ಜೀವಕೋಶದೊಳಗಿನ ಬದಲಾವಣೆ

ಶಿಲೀಂಧ್ರದ ದೇಹ ನವಿರಾದ ಎಳೆಗಳಿಂದಾದುದು. ಅದರ ಜೀವಕೋಶದ ಪೊರೆ ಬಿಗಿಯಾಗಿರಲು ಅರ್ಗೋಸ್ಟೆರಾಲ್ ಎಂಬ ಸ್ಟೆರಾಲ್ ಬೇಕು. ಹೆಕ್ಸಕೊನಜೋಲ್ ಇದನ್ನು ತಯಾರಿಸುವ ಒಂದು ಕಿಣ್ವವನ್ನು ತಡೆಯುತ್ತದೆ. ಆಗ ಅರ್ಗೋಸ್ಟೆರಾಲ್ ಕಡಿಮೆಯಾಗಿ, ಅರೆಬರೆ ತಯಾರಾದ ಸ್ಟೆರಾಲ್‌ಗಳು ಪೊರೆಯಲ್ಲಿ ಸೇರಿಕೊಳ್ಳುತ್ತವೆ. ಕೆರೆ ಏರಿಗೆ ಜೇಡಿಮಣ್ಣಿನ ಬದಲು ಮರಳುಮಣ್ಣು ತುಂಬಿದರೆ ಏರಿ ಜಿನುಗುವುದಿಲ್ಲವೆ? ಹಾಗೆಯೇ ಈ ಪೊರೆಯೂ ಜಿನುಗತೊಡಗುತ್ತದೆ.

ಆಕಾರವೂ ಕೆಡುತ್ತದೆ. ನೇರವಾಗಿ ಬೆಳೆಯಬೇಕಾದ ಎಳೆಗಳ ತುದಿ ಊದಿಕೊಳ್ಳುತ್ತದೆ. ಎಳೆ ಸೊಟ್ಟಗಾಗಿ ಗಿಡ್ಡ ಕವಲುಗಳನ್ನು ಒಡೆಯುತ್ತದೆ. ಕೋಶಭಿತ್ತಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳುವಾಗುತ್ತದೆ. ಬೆಳವಣಿಗೆ ನಿಲ್ಲುತ್ತದೆ. ಆದರೆ ಮೊದಲೇ ಕೂಡಿಟ್ಟ ಅರ್ಗೋಸ್ಟೆರಾಲ್ ಇರುವುದರಿಂದ ಶಿಲೀಂಧ್ರ ತಕ್ಷಣ ಸಾಯುವುದಿಲ್ಲ. ಕೊಳೆತ ಬುಡವಂತೂ ಮತ್ತೆ ಚಿಗುರುವುದಿಲ್ಲ. ಆದ್ದರಿಂದ ಚಿಕಿತ್ಸೆ ರೋಗದ ಆರಂಭದಲ್ಲೇ ಆಗಬೇಕು.

ತೆಂಗಿನ ಜೀವಕೋಶದ ಮುಖ್ಯ ಸ್ಟೆರಾಲ್‌ಗಳು ಬೇರೆ. ಆದರೂ ಈ ಗುಂಪಿನ ಔಷಧಿಗಳು ಹೆಚ್ಚಾದರೆ ಗಿಡದ ಬೆಳವಣಿಗೆಯ ಚೋದಕಗಳನ್ನೂ ಕುಗ್ಗಿಸಬಲ್ಲವು. ಹೆಚ್ಚು ಹಾಕಿದರೆ ಹೆಚ್ಚು ಗುಣ ಎಂಬುದು ತಪ್ಪು ಲೆಕ್ಕ.

ಸುಳಿ ಕೊಳೆಗೆ ಇದು ಮದ್ದಲ್ಲ

ಸುಳಿ ಕೊಳೆಗೆ ಕಾರಣವಾದ ಫೈಟಾಫ್ತೊರಾ ತನ್ನ ಸ್ಟೆರಾಲನ್ನು ತಾನೇ ತಯಾರಿಸುವುದಿಲ್ಲ. ಇಲ್ಲದ ಕೆಲಸವನ್ನು ತಡೆಯುವುದೆಂತು? ಅಲ್ಲಿ ಹೆಕ್ಸಕೊನಜೋಲ್‌ಗೆ ಸುರಿದ ಹಣ ವ್ಯರ್ಥ. ಅಷ್ಟರಲ್ಲಿ ಮರವೂ ಹೋಗುತ್ತದೆ. ಕೊಳೆತ ಭಾಗವನ್ನು ಕೆತ್ತಿ ತೆಗೆದು ಬೋರ್ಡೋ ಮುಲಾಮು ಹಚ್ಚುವುದೇ ಸರಿಯಾದ ಕ್ರಮ.

ಅನುಸರಿಸಬೇಕಾದ ಕ್ರಮಗಳು

1. ಪೆನ್ಸಿಲ್ ಗಾತ್ರದ ಜೀವಂತ ಬೇರನ್ನು ಆರಿಸಿ, ತುದಿಯನ್ನು ಓರೆಯಾಗಿ ಕತ್ತರಿಸಬೇಕು. 100 ಮಿ.ಲೀ. ನೀರಿಗೆ 2 ಮಿ.ಲೀ. ಹೆಕ್ಸಕೊನಜೋಲ್ ಬೆರೆಸಿ, ಪಾಲಿಥೀನ್ ಚೀಲದಲ್ಲಿ ತುಂಬಿ ಬೇರಿಗೆ ಕಟ್ಟಬೇಕು. ಮೂರು ತಿಂಗಳಿಗೊಮ್ಮೆ ಹೀಗೆ ಮಾಡಬೇಕು.

2. ಔಷಧಿ ಕೊಡುವ ಮೊದಲೇ ಎಳನೀರು, ಬಲಿತ ಕಾಯಿ ಇಳಿಸಬೇಕು. ನಂತರ 45 ದಿನ ಕೊಯ್ಲು ಕೂಡದು.

3. ಪಾತಿಗೆ ಶೇ. 1ರ ಬೋರ್ಡೋ ದ್ರಾವಣವನ್ನು 40 ಲೀಟರಿನಷ್ಟು ಸುರಿಯಬೇಕು.

4. ಮರವೊಂದಕ್ಕೆ ವರ್ಷಕ್ಕೆ 5 ಕಿ.ಗ್ರಾಂ. ಬೇವಿನ ಹಿಂಡಿ ಕೊಡಬೇಕು. ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ. ಅದನ್ನು ಈ ಔಷಧಿಗಳೊಡನೆ ಬೆರೆಸಬಾರದು.

5. ರೋಗದ ಮರದ ಸುತ್ತ 2 ಅಡಿ ಆಳ, 1 ಅಡಿ ಅಗಲದ ಕಂದಕ ತೆಗೆಯಬೇಕು. ಆ ಮರದ ಪಾತಿಯ ನೀರು ಬೇರೆ ಮರಗಳಿಗೆ ಹರಿಯಬಾರದು. ಸತ್ತ ಮರವನ್ನು ಬೇರುಸಹಿತ ಕಿತ್ತು ಸುಡಬೇಕು.

ಹಿಂದೆ ಇದೇ ರೋಗಕ್ಕೆ ಶಿಫಾರಸಾಗಿದ್ದ ಟ್ರೈಡೆಮಾರ್ಫ್ ಸಹ ಸ್ಟೆರಾಲ್ ತಯಾರಿಕೆಯನ್ನು ತಡೆಯುವಂಥದೇ. ಭಾರತದಲ್ಲಿ ಅದನ್ನು 2018ರಲ್ಲಿ ನಿಷೇಧಿಸಲಾಗಿದೆ. ಹಳೆಯ ಡಬ್ಬಿ ಉಳಿದಿದ್ದರೂ ಬಳಸಬಾರದು. ಔಷಧಿ ಕೊಳ್ಳುವ ಮೊದಲು ರೋಗ ಯಾವುದೆಂದು ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ತಾಲ್ಲೂಕಿನ ತೋಟಗಾರಿಕೆ ಕಚೇರಿಯಲ್ಲೋ ಖಚಿತಪಡಿಸಿಕೊಂಡು, ಈಗಿನ ಶಿಫಾರಸನ್ನು ಕೇಳಿ ತಿಳಿಯುವುದು ಒಳ್ಳೆಯದು.